ತಾತನ ಗಡಿಯಾರ, ನನ್ನ ಕೋರ್ಸ್ ಪಟ್ಟಿ

ಜಾಲಹಳ್ಳಿಯ ನಮ್ಮ ಮನೆಯಲ್ಲಿ ಈಗ ರಾತ್ರಿ 10 ಗಂಟೆ. ನಾನು ಓದುವ ಅಮೆರಿಕದ ಆನ್ ಆರ್ಬರ್‌ನಲ್ಲಿ ಮಧ್ಯಾಹ್ನ 12.30. ಇನ್ನೊಂದು ಗಂಟೆಗೆ ನನ್ನ ಅಡ್ವೈಸರ್ ಜೊತೆ ವಿಡಿಯೋ ಕಾಲ್ ಇದೆ. ಮುಂದಿನ ಟರ್ಮ್‌ನಲ್ಲಿ ಏನೇನು ಓದುತ್ತೇನೆ ಅಂತ ಅಷ್ಟರೊಳಗೆ ತೀರ್ಮಾನ ಆಗಬೇಕು. ನಾಲ್ಕರಲ್ಲಿ ಮೂರು ಕೋರ್ಸ್ ಗೊತ್ತಾಗಿದೆ. ನಾಲ್ಕನೆಯದೂ ಮೊನ್ನೆ ಭಾನುವಾರದವರೆಗೆ ಗೊತ್ತಾಗಿತ್ತು. ಅವತ್ತು ಊಟ ಆದಮೇಲೆ ತಾತ ಒಂದು ಮಾತು ಹೇಳಿದರು. ಆಗಿನಿಂದ ಆ ಕೋರ್ಸ್ ಮೇಲೆ ಮನಸ್ಸು ನಿಲ್ಲುತ್ತಿಲ್ಲ.

ಅದನ್ನು ಹೇಳುವ ಮೊದಲು, ನಾನು ಓದುತ್ತಿರುವುದು ಏನು ಅಂತ ಹೇಳಬೇಕು. ಈ ಸಲ ರಜೆಗೆ ಬಂದಾಗಿನಿಂದ ಕೇಳದವರೇ ಇಲ್ಲ. "ಆರ್ಗನೈಸೇಷನಲ್ ಸ್ಟಡೀಸ್" ಅಂದ ಕೂಡಲೇ ಪಕ್ಕದ ಮನೆ ಆಂಟಿಯ ಮುಂದಿನ ಪ್ರಶ್ನೆ, "ಅಂದ್ರೆ ಎಂಬಿಎ ತರಾನಾ? ಎಚ್‌ಆರಾ?" ಎರಡೂ ಅಲ್ಲ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬಿಸಿನೆಸ್ ಓದುವವರಿಗೆ ರಾಸ್ ಅಂತ ಬೇರೆ ಸ್ಕೂಲೇ ಇದೆ. ನನ್ನ ಪದವಿ ಇರುವುದು ಸಾಹಿತ್ಯ, ವಿಜ್ಞಾನ, ಕಲೆ ಎಲ್ಲ ಸೇರಿದ ಕಾಲೇಜಿನಲ್ಲಿ. ಜನ ಒಟ್ಟಿಗೆ ಸೇರಿ ಕಟ್ಟಿಕೊಂಡಿದ್ದೆಲ್ಲ ನಮ್ಮ ವಿಷಯ. ಕಾರ್ಖಾನೆ, ಆಸ್ಪತ್ರೆ, ಊರಿನ ಹಾಲಿನ ಸಂಘ, ದೇವಸ್ಥಾನದ ಟ್ರಸ್ಟ್, ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಎಲ್ಲ. ಇವು ಹೇಗೆ ನಡೆಯುತ್ತವೆ? ಒಳ್ಳೆಯವರೇ ತುಂಬಿರುವ ಕಡೆಯೂ ಕೆಲವು ಸಲ ಕೆಲಸ ಯಾಕೆ ಕೆಡುತ್ತದೆ? ಒಂದೇ ವಿಭಾಗದಲ್ಲಿ ಕೂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಅದಕ್ಕೇ ಅರ್ಥಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ, ಸ್ಟ್ಯಾಟಿಸ್ಟಿಕ್ಸ್ ಅಂತ ಹಲವು ಮನೆಗಳ ಊಟ ಮಾಡಬೇಕು. ಈ ಮೇಜರ್‌ಗೆ, ಅಂದರೆ ಪದವಿಯ ಮುಖ್ಯ ವಿಷಯಕ್ಕೆ, ಸುಮ್ನೆ ಹೆಸರು ಬರೆಸಿದರೆ ಆಗಲ್ಲ, ಅರ್ಜಿ ಹಾಕಿ ಆಯ್ಕೆಯಾಗಬೇಕು.

ನಮ್ಮಲ್ಲಿ ಪಿಯುಸಿಗೆ ಸೇರುವಾಗ ಒಂದೇ ಸಲ ಆರಿಸುತ್ತೇವೆ. ಪಿಸಿಎಂಬಿ, ಪಿಸಿಎಂಸಿ, ಸಿಇಬಿಎ, ಎಚ್‌ಇಪಿಎಸ್. ನಾಲ್ಕು ಅಕ್ಷರ ಹೇಳಿದರೆ ಮುಗಿಯಿತು. ಮುಂದೆ ಎರಡು ವರ್ಷ ಏನು ಓದಬೇಕು ಅಂತ ಬೇರೆಯವರು ತೀರ್ಮಾನ ಮಾಡಿರುತ್ತಾರೆ. ನಾನೂ ಹಾಗೇ ಬಂದವಳು. ಹಾಗಾಗಿ ಅಲ್ಲಿ ಮೊದಲ ಸಲ ಕೋರ್ಸ್ ಪಟ್ಟಿ ತೆರೆದಾಗ ಭಯವೇ ಆಯಿತು. ಸಾವಿರಾರು ಕೋರ್ಸ್. ಒಂದೊಂದು ಕೋರ್ಸ್‌ನ ತೂಕವನ್ನು ಕ್ರೆಡಿಟ್‌ನಲ್ಲಿ ಅಳೆಯುತ್ತಾರೆ, ಪದವಿಗೆ ಒಟ್ಟು 120 ಕ್ರೆಡಿಟ್ ಬೇಕು. ಅದರಲ್ಲಿ ಸ್ವಲ್ಪ ಬರವಣಿಗೆ, ಸ್ವಲ್ಪ ವಿಜ್ಞಾನ, ಒಂದು ಭಾಷೆ, ಆಮೇಲೆ ನಮ್ಮ ಮೇಜರ್‌ನವು. ಈ ಗೆರೆಗಳ ಒಳಗೆ ಚಿತ್ರ ನಾವೇ ಬಿಡಿಸಬೇಕು. ಬೇಕಾದ ಕೋರ್ಸ್‌ಗಳನ್ನು ಮೊದಲು "ಬ್ಯಾಕ್‌ಪ್ಯಾಕ್" ಅನ್ನುವ ಆನ್‌ಲೈನ್ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ನಮ್ಮ ಸರದಿಯ ಸಮಯ ಬಂದಾಗ ನೋಂದಣಿ. ಸೀಟು ತುಂಬಿದ್ದರೆ ವೇಯ್ಟ್‌ಲಿಸ್ಟ್.

ಮೊದಲ ವರ್ಷ ನಾನು ಹೆಸರು ನೋಡಿ ಆರಿಸಿದೆ. ಯಾವ ಕೋರ್ಸ್‌ನ ಹೆಸರು ಚೆನ್ನಾಗಿ ಕೇಳಿಸುತ್ತದೋ ಅದು. ಜನವರಿಯಲ್ಲಿ ಶುರುವಾಗುವ ವಿಂಟರ್ ಟರ್ಮ್‌ನಲ್ಲಿ ಮೂರು ಕೋರ್ಸ್‌ಗಳಲ್ಲೂ ವಾರಕ್ಕೆ ನೂರು ಪುಟದ ಹತ್ತಿರ ಓದುವುದಿತ್ತು. ಹೊರಗೆ ಹಿಮ, ಸಂಜೆ ಐದೂವರೆಗೆಲ್ಲ ಕತ್ತಲು, ಒಳಗೆ ಮುಗಿಯದ ಓದು. ಫೆಬ್ರವರಿ ಹೊತ್ತಿಗೆ ಯಾವ ಪುಸ್ತಕದಲ್ಲಿ ಏನು ಓದಿದೆ ಅಂತಲೇ ನೆನಪಿರುತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದೆ. ಅಲ್ಲಿಗೆ ಓದಲು ಹೊರಟಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೋರ್ಸ್ ಹೆಸರು ನೋಡಬೇಡಿ, ಸಿಲಬಸ್ ತೆಗೆದು ನೋಡಿ. ವಾರಕ್ಕೆ ಎಷ್ಟು ಓದು, ಎಷ್ಟು ಬರವಣಿಗೆ, ಪರೀಕ್ಷೆಯಾ ಪ್ರಾಜೆಕ್ಟಾ ಅಂತ ನೋಡಿ. ಓದು ಜಾಸ್ತಿ ಇರುವ ಕೋರ್ಸ್ ಒಂದು ಟರ್ಮ್‌ಗೆ ಎರಡು ಸಾಕು. ಜೊತೆಗೆ ಲೆಕ್ಕ ಮಾಡುವ ಅಥವಾ ಕೈಯಿಂದ ಏನಾದರೂ ಮಾಡುವ ಕೋರ್ಸ್ ಇರಲಿ. ತಲೆಗೆ ಬೇರೆ ಬೇರೆ ಥರದ ದಣಿವು ಬೇಕು.

ಸ್ಟ್ಯಾಟಿಸ್ಟಿಕ್ಸ್ ಅನ್ನು ಆದಷ್ಟು ಬೇಗ ಮುಗಿಸಿ. ನಾನು ಮುಂದೂಡಿದ್ದೆ, ಅದರಿಂದ ಎರಡು ಒಳ್ಳೆಯ ಕೋರ್ಸ್‌ಗೆ ಕಾಯಬೇಕಾಯಿತು. ಒಂದು ಕೋರ್ಸ್ ಇನ್ನೊಂದರ ಬಾಗಿಲು ತೆರೆಯುತ್ತದೆ. ಆರಿಸುವಾಗ ಇದು ಯಾವ ಬಾಗಿಲು ತೆರೆಯುತ್ತದೆ ಅಂತ ಹಿಂದಿನಿಂದ ಲೆಕ್ಕ ಹಾಕಬೇಕು. "ಪೂರ್ತಿ ಒಪ್ಪುತ್ತೇನೆ" ಇಂದ "ಸ್ವಲ್ಪವೂ ಒಪ್ಪುವುದಿಲ್ಲ" ತನಕ ಐದು ಮೆಟ್ಟಿಲ ಪ್ರಶ್ನೆಗಳನ್ನು ನಾವೆಲ್ಲ ಸರ್ವೆಗಳಲ್ಲಿ ತುಂಬುತ್ತೇವೆ, ಅಲ್ವಾ? ಆ ಅಳತೆಯನ್ನು 1932ರಲ್ಲಿ ಮಾಡಿದ್ದು ರೆನ್ಸಿಸ್ ಲಿಕರ್ಟ್. ಮುಂದೆ ನಮ್ಮ ವಿಶ್ವವಿದ್ಯಾಲಯದ ಸಮಾಜ ಸಂಶೋಧನಾ ಸಂಸ್ಥೆ ಕಟ್ಟಿದವರಲ್ಲಿ ಅವರೇ ಮುಖ್ಯರು. ಮನುಷ್ಯರ ಅನಿಸಿಕೆಯನ್ನು ಅಂಕಿಯಾಗಿ ಮಾಡುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಅಂತ ನನಗೆ ಅರ್ಥವಾಗಿದ್ದು ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ.

ಎರಡನೇ ವರ್ಷ ಒಂದು ಒಳ್ಳೆಯದಾಯಿತು. ಒಂದೇ ಟರ್ಮ್‌ನಲ್ಲಿ ಮೂರು ಕ್ಲಾಸುಗಳಲ್ಲಿ ಒಂದೇ ಕಥೆ ಬಂತು. ಆನ್ ಆರ್ಬರ್‌ನಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಹೈಲ್ಯಾಂಡ್ ಪಾರ್ಕ್. ಅಲ್ಲಿ 1913ರಲ್ಲಿ ಹೆನ್ರಿ ಫೋರ್ಡ್ ಚಲಿಸುವ ಅಸೆಂಬ್ಲಿ ಲೈನ್ ಶುರು ಮಾಡಿದರು. ಕೆಲಸಕ್ಕೆ ಸೇರಿದವರು ನಿಲ್ಲುತ್ತಲೇ ಇರಲಿಲ್ಲ. 1914ರಲ್ಲಿ ದಿನಕ್ಕೆ 5 ಡಾಲರ್ ಕೊಡುತ್ತೇವೆ ಅಂತ ಸಾರಿದರು. ಆಗಿನ ಕೂಲಿಯ ಎರಡು ಪಟ್ಟು. ಅರ್ಥಶಾಸ್ತ್ರದ ಮೇಷ್ಟ್ರು, ಜಾಸ್ತಿ ಸಂಬಳ ಕೊಟ್ಟರೆ ಜನ ಬಿಟ್ಟು ಹೋಗುವುದಿಲ್ಲ, ಕಂಪನಿಗೂ ಅದೇ ಲಾಭ ಅಂತ ವಿವರಿಸಿದರು. ಮನಃಶಾಸ್ತ್ರದಲ್ಲಿ ಅದೇ ಲೈನ್ ಬಂತು, ದಿನವಿಡೀ ಒಂದೇ ಬೋಲ್ಟು ತಿರುಗಿಸುವವನ ಮನಸ್ಸಿಗೆ ಏನಾಗುತ್ತದೆ ಅಂತ. ಸಮಾಜಶಾಸ್ತ್ರದ ಮೇಡಂ ಬೇರೆಯದೇ ಹೇಳಿದರು. ಆ 5 ಡಾಲರ್ ಪೂರ್ತಿ ಸಿಗಬೇಕಾದರೆ ಕಂಪನಿಯವರು ಕೆಲಸಗಾರರ ಮನೆಗೇ ಬಂದು, ಮನೆ ಚೊಕ್ಕಟವಾಗಿದೆಯಾ, ಕುಡಿಯುತ್ತಾರಾ, ದುಡ್ಡು ಉಳಿಸುತ್ತಾರಾ ಅಂತ ನೋಡುತ್ತಿದ್ದರಂತೆ. ಮೂರೂ ನಿಜ. ಒಂದನ್ನು ಬಿಟ್ಟರೂ ಕಥೆ ಕುಂಟುತ್ತದೆ. ಅವತ್ತು ಲೈಬ್ರರಿಯಿಂದ ರೂಮಿಗೆ ನಡೆದುಕೊಂಡು ಬರುವಾಗ, ನಾನು ಸರಿಯಾದ ಕಡೆ ಇದ್ದೇನೆ ಅಂತ ಮೊದಲ ಸಲ ಅನ್ನಿಸಿತು.

ನಮ್ಮ ಮೇಜರ್‌ನಲ್ಲಿ ಮುಂದಿನ ಕೋರ್ಸ್‌ಗಳನ್ನು ನಾವೇ ಒಂದು ದಾರಿಯಾಗಿ ಜೋಡಿಸಿಕೊಳ್ಳಬೇಕು. ಒಂದೊಂದು ಕೋರ್ಸೂ ಯಾಕೆ ಅಂತ ಬರೆದು ತೋರಿಸಬೇಕು. ಅಡ್ವೈಸರ್ ನನ್ನನ್ನು ಕೇಳಿದ್ದು, "ನಿನಗೆ ಯಾವ ವಿಷಯ ಇಷ್ಟ ಅಂತ ಹೇಳಬೇಡ. ನಿನ್ನನ್ನು ಬಿಡದೆ ಕಾಡುವ ಪ್ರಶ್ನೆ ಯಾವುದು?"

ಆ ಪ್ರಶ್ನೆ ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ. ನಾನು ಬೆಳೆದಿದ್ದೇ ಅದರ ಮಧ್ಯೆ. ತಾತ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. 1953ರಲ್ಲಿ ಇಲ್ಲೇ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ ಮೊದಲು ಮಾಡುತ್ತಿದ್ದದ್ದು ಯಂತ್ರ ಮಾಡುವ ಯಂತ್ರಗಳನ್ನು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಕೈಗಡಿಯಾರ ಮಾಡಲು ತೊಡಗಿತು. ಜನತಾ, ಕಾಂಚನ, ಪೈಲಟ್. ನಮ್ಮ ಕಡೆ ಎಷ್ಟೋ ಮದುವೆಗಳಲ್ಲಿ ಅಳಿಯನಿಗೆ ಕೊಟ್ಟಿದ್ದು ಅದೇ ಗಡಿಯಾರ. ಆಮೇಲೆ ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ಬಂತು. 1984ರಲ್ಲಿ ಟೈಟನ್ ಹುಟ್ಟಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಷ್ಟು ಚೆನ್ನಾಗಿ ಕೆಲಸ ಗೊತ್ತಿದ್ದ ಜನಕ್ಕೆ, ಕಾಲ ಬದಲಾದಾಗ ಕೈಯಲ್ಲಿದ್ದ ಕೆಲಸವನ್ನು ಬಿಡುವುದು ಯಾಕೆ ಅಷ್ಟು ಕಷ್ಟ? ಇದೇ ನನ್ನ ಪ್ರಶ್ನೆ ಅಂತ ಬರೆದುಕೊಟ್ಟೆ.

ಪ್ರಶ್ನೆ ಸಿಕ್ಕ ಮೇಲೆ ಕೋರ್ಸ್ ಆರಿಸುವುದು ಹಗುರವಾಯಿತು. ಸಾವಿರದಲ್ಲಿ ಮೂವತ್ತು ಉಳಿದವು. ಪ್ರತಿಯೊಂದನ್ನೂ, ಇದು ತಾತನ ಕಾರ್ಖಾನೆಯ ಬಗ್ಗೆ ನನಗೆ ಏನಾದರೂ ಹೇಳುತ್ತದಾ ಅಂತ ಕೇಳುತ್ತಿದ್ದೆ. ಸಹಕಾರದ ಬಗ್ಗೆ ಒಂದು ಕೋರ್ಸ್ ತೆಗೆದುಕೊಂಡೆ. ಎಲ್ಲರಿಗೂ ಸೇರಿದ ಕಾಡು, ನೀರನ್ನು ಜನ ಒಟ್ಟಾಗಿ ಹೇಗೆ ನೋಡಿಕೊಳ್ಳುತ್ತಾರೆ ಅಂತ ತೋರಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರ ಕೆಲಸವನ್ನು ಅಲ್ಲಿ ಓದುವಾಗ, ಗದಗದ ಹತ್ತಿರದ ಕಣಗಿನಹಾಳದಲ್ಲಿ ರೈತರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದನ್ನು ಕ್ಲಾಸಿನಲ್ಲಿ ಹೇಳಿದೆ. ಮೇಷ್ಟ್ರು ಊರಿನ ಹೆಸರನ್ನು ಬೋರ್ಡ್ ಮೇಲೆ ಬರೆಯಲು ಹೇಳಿದರು. ನಾನು ಕನ್ನಡದಲ್ಲೂ ಬರೆದೆ.

ಮುಂದಿನ ಟರ್ಮ್‌ಗೆ ಅಂತ ನಾನು ಆರಿಸಿದ್ದ ನಾಲ್ಕನೇ ಕೋರ್ಸ್, ಮೇಲಿನವರು ಹೇಗೆ ತೀರ್ಮಾನ ತೆಗೆದುಕೊಳ್ಳುತ್ತಾರೆ ಅನ್ನುವುದರ ಬಗ್ಗೆ. ಭಾನುವಾರ ಅದನ್ನೇ ತಾತನಿಗೆ ವಿವರಿಸುತ್ತಿದ್ದೆ. ಜೊತೆಗೆ ಕಾರ್ಲ್ ವೈಕ್ ಅವರು ಬರೆದ ಒಂದು ಘಟನೆ ಹೇಳಿದೆ. ವೈಕ್ ಮಿಶಿಗನ್‌ನಲ್ಲೇ ಬಹಳ ವರ್ಷ ಪಾಠ ಮಾಡಿದವರು. ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಅನ್ನುವ ಕಣಿವೆಯಲ್ಲಿ 1949ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಎದ್ದಿತು. ಆರಿಸಲು ಹೋದವರ ಕಡೆಗೇ ಬೆಂಕಿ ತಿರುಗಿತು. ಮುಂದಾಳು ವ್ಯಾಗ್ನರ್ ಡಾಜ್, ಉಪಕರಣ ಬಿಸಾಕಿ ಅಂದರು. ಕೆಲವರು ಬಿಸಾಕಲಿಲ್ಲ. ಡಾಜ್ ಮುಂದಿನ ಹುಲ್ಲಿಗೆ ತಾವೇ ಬೆಂಕಿ ಹಚ್ಚಿ, ಸುಟ್ಟ ಜಾಗದಲ್ಲಿ ಮಲಗಿ ಅಂದರು. ಯಾರೂ ಬರಲಿಲ್ಲ. 16 ಜನರಲ್ಲಿ 13 ಜನ ತೀರಿಕೊಂಡರು. ಡಾಜ್ ಬದುಕಿದರು. ವೈಕ್ 1993ರಲ್ಲಿ ಈ ಘಟನೆಯನ್ನು ಬಿಡಿಸಿ ನೋಡಿದರು. ಬೆಂಕಿ ಆರಿಸುವವನಿಗೆ ಉಪಕರಣ ಬಿಸಾಕು ಅಂದರೆ, ಹಾಗಾದರೆ ನಾನು ಯಾರು ಅನ್ನುವ ಪ್ರಶ್ನೆ ಅವನಿಗೆ ಏಳುತ್ತದೆ ಅಂತ ಬರೆದರು. ಎಚ್‌ಎಂಟಿಯಲ್ಲೂ ಹೀಗೇ ಆಗಿರಬೇಕು ಅಂತ ನಾನು ತಾತನಿಗೆ ಹೇಳಿದೆ.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. "ಕ್ವಾರ್ಟ್ಜ್ ವಾಚು ಮೊದಲು ಬಂದಾಗ ನಾವು ಒಂದನ್ನ ಬಿಚ್ಚಿ ನೋಡಿದ್ವಿ ಮಗಳೇ. ಒಳಗೆ ನಮ್ಮ ಕೈಗೆ ಕೆಲಸವೇ ಇರಲಿಲ್ಲ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ನಮಗೆ ಗೊತ್ತಾಗಿತ್ತು. ನಿನ್ನ ಪುಸ್ತಕಗಳಲ್ಲಿ ಮೇಲಿನವರು ಏನು ತೀರ್ಮಾನ ಮಾಡಿದ್ರು ಅಂತ ಇರುತ್ತೆ. ಬೆಂಚಿನಲ್ಲಿ ಚಿಮಟ ಹಿಡಿದು ಕೂತವರು ಏನು ಮಾತಾಡ್ಕೊಂಡ್ವಿ ಅಂತ ಇರುತ್ತಾ?"

ಇರಲಿಲ್ಲ. ನಾನು ಎರಡು ವರ್ಷ ಓದಿದ್ದರಲ್ಲಿ ತಾತ ಊಟ ಬಿಟ್ಟ ರಾತ್ರಿ ಎಲ್ಲೂ ಇರಲಿಲ್ಲ. ಅವರಿಗೆ ಬಿಡುವುದು ಕಷ್ಟ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವರನ್ನು ಒಂದು ಸಲವೂ ಕೇಳಿರಲಿಲ್ಲ.

ನಿನ್ನೆ ಕೂತು ಪಟ್ಟಿಯನ್ನು ಮತ್ತೆ ನೋಡಿದೆ. ಸಮಾಜಶಾಸ್ತ್ರ ವಿಭಾಗದಲ್ಲಿ ಸಂದರ್ಶನ ಮಾಡುವುದನ್ನು ಕಲಿಸುವ ಕೋರ್ಸ್ ಇದೆ. ಜನರ ಮಾತನ್ನು ಹೇಗೆ ಕೇಳಬೇಕು, ಹೇಗೆ ಬರೆದುಕೊಳ್ಳಬೇಕು, ಒಬ್ಬರ ನೆನಪನ್ನು ಇನ್ನೊಬ್ಬರ ನೆನಪಿನ ಜೊತೆ ಹೇಗೆ ಇಟ್ಟು ನೋಡಬೇಕು ಅಂತ. ಹೆಸರಿನಲ್ಲಿ ಯಾವ ಮಿಂಚೂ ಇಲ್ಲ. ಸೀಟು ತುಂಬಿದೆ, ವೇಯ್ಟ್‌ಲಿಸ್ಟ್‌ನಲ್ಲಿ ಮೂರನೆಯವಳು. ಪರವಾಗಿಲ್ಲ. ಮೊದಲ ದಿನ ಕ್ಲಾಸಿಗೆ ಹೋಗಿ ಕೂರುತ್ತೇನೆ, ಮೇಷ್ಟ್ರನ್ನು ಕಂಡು ಕೇಳುತ್ತೇನೆ. ಮೊದಲ ವಾರಗಳಲ್ಲಿ ಬಿಡುವವರು, ಸೇರುವವರು ಇದ್ದೇ ಇರುತ್ತಾರೆ.

ಒಂದು ಮಾತು ಅಪ್ಪ ಅಮ್ಮಂದಿರಿಗೆ, ಯಾಕಂದ್ರೆ ನನ್ನ ಅಪ್ಪನೂ ಕೇಳಿದರು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವರು ಟರ್ಮ್‌ಗೆ ಕನಿಷ್ಠ 12 ಕ್ರೆಡಿಟ್ ಓದಲೇಬೇಕು. ಹಾಗಾಗಿ ಕೋರ್ಸ್ ಬಿಡುವ ಮುಂಚೆ ಲೆಕ್ಕ ಹಾಕಬೇಕು. ಓದು ಮುಗಿದ ಮೇಲೆ ಅಲ್ಲಿ 12 ತಿಂಗಳು ಕೆಲಸ ಮಾಡಲು ಅವಕಾಶ ಇದೆ. ಪದವಿ ವಿಜ್ಞಾನ, ತಂತ್ರಜ್ಞಾನದ ಸರ್ಕಾರಿ ಪಟ್ಟಿಯಲ್ಲಿ ಇದ್ದರೆ ಇನ್ನೂ 24 ತಿಂಗಳು. ನಮ್ಮಂಥ ಹಲವು ವಿಷಯ ಸೇರಿದ ಪದವಿ ಆರಿಸುವವರು, ಅದು ಯಾವ ಪಟ್ಟಿಯಲ್ಲಿ ಬರುತ್ತದೆ ಅಂತ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಮೊದಲೇ ಕೇಳಿ. ಸಾಲ ಮಾಡಿ ಕಳಿಸುವವರಿಗೆ ಇದು ಸಣ್ಣ ವಿಷಯ ಅಲ್ಲ.

ಕಾಲ್‌ಗೆ ಇನ್ನು ಹತ್ತು ನಿಮಿಷ ಇದೆ. ತಾತ ಇನ್ನೂ ಮಲಗಿಲ್ಲ. ಈಗಷ್ಟೇ ರೂಮಿಗೆ ಬಂದು ಹಳೆಯ ಕ್ಯಾಲೆಂಡರ್‌ನ ಒಂದು ಹಾಳೆ ಕೊಟ್ಟು ಹೋದರು. ಹಿಂದುಗಡೆ ದುಂಡಗಿನ ಅಕ್ಷರದಲ್ಲಿ ಆರು ಹೆಸರು, ಪಕ್ಕದಲ್ಲಿ ಫೋನ್ ನಂಬರ್. ಎಲ್ಲರೂ ಅವರ ಜೊತೆ ಒಂದೇ ಸೆಕ್ಷನ್‌ನಲ್ಲಿ ಇದ್ದವರು. "ಇವರೆಲ್ಲ ಇನ್ನೂ ಇದ್ದಾರೆ," ಅಂದರು. "ಕೊನೇ ಇಬ್ಬರಿಗೆ ಕಿವಿ ಸರಿಯಾಗಿ ಕೇಳಲ್ಲ. ಹತ್ತಿರ ಕೂತು ಮಾತಾಡು."