ಹೆರಿಗೆ ಆದ್ಮೇಲೆ ಯಾರೂ ಕೇಳದ ಪ್ರಶ್ನೆ

ಲಂಡನ್ನಿನ ದಕ್ಷಿಣಕ್ಕೆ ಕ್ರಾಯ್ಡನ್ ಅಂತ ಒಂದು ಊರಿದೆ. ಅಲ್ಲಿ ಅಬ್ದುಲ್ ಸುಲ್ತಾನ್ ಅನ್ನುವ ಡಾಕ್ಟರು ಹಂದಿಯ ಗುದದ ಸ್ನಾಯು ಇಟ್ಟುಕೊಂಡು ಬೇರೆ ಡಾಕ್ಟರುಗಳಿಗೆ, ಸೂಲಗಿತ್ತಿ ನರ್ಸುಗಳಿಗೆ ಹೆರಿಗೆಯಲ್ಲಿ ಹರಿದದ್ದಕ್ಕೆ ಹೊಲಿಗೆ ಹಾಕುವುದನ್ನು ಕಲಿಸಿದರು. ಮುಖ ಸಿಂಡರಿಸಬೇಡಿ. ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡುವವಳು, ನನ್ನ ಹತ್ತಿರ ಬರುವ ಎಷ್ಟೋ ಹೆಂಗಸರ ಕಷ್ಟ ಇದೇ ಸ್ನಾಯುವಿನದ್ದು.

ಎಲೆಅಡಿಕೆ ಸಂಚಿಯ ಬಾಯಿಗೆ ದಾರ ಇರುತ್ತದಲ್ಲ, ಹಾಗೆ ಗುದದ್ವಾರದ ಸುತ್ತ ಎರಡು ಸ್ನಾಯುಗಳಿವೆ. ಒಳಗಿನದು ತನ್ನಷ್ಟಕ್ಕೆ ಬಿಗಿಯಾಗಿರುತ್ತದೆ. ಹೊರಗಿನದನ್ನು ನಾವೇ ಬೇಕೆಂದಾಗ ಬಿಗಿಹಿಡಿಯಬಹುದು. ಹೆರಿಗೆಯಲ್ಲಿ ಕೆಳಗೆ ಹರಿದರೆ ಕೆಲವೊಮ್ಮೆ ಆ ಗಾಯ ಈ ಸ್ನಾಯುಗಳವರೆಗೂ ಹೋಗುತ್ತದೆ.

1993ರಲ್ಲಿ ಸುಲ್ತಾನ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಬಸುರಿಯರಿಗೆ ಹೆರಿಗೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸ್ಕ್ಯಾನ್ ಮಾಡಿದ್ದರು. ಮೊದಲ ಸಲ ನಾರ್ಮಲ್ ಹೆರಿಗೆ ಆದವರಲ್ಲಿ ಶೇ. 35 ಜನರ ಸ್ನಾಯುವಿನಲ್ಲಿ ಬಿರುಕು ಕಂಡಿತು. ತೊಂದರೆ ಇದೆ ಅಂತ ಹೇಳಿಕೊಂಡವರು ಮಾತ್ರ ಅದಕ್ಕಿಂತ ತುಂಬ ಕಡಿಮೆ, ಶೇ. 13. ಕಣ್ಣಿಗೆ ಕಾಣದ ಗಾಯ ಅಂತ ಆಗ ಎಲ್ಲರೂ ಅಂದುಕೊಂಡರು.

ನನಗೆ ಜಾಸ್ತಿ ಹಿಡಿಸಿದ್ದು ಅದರ ಮುಂದಿನ ಕಥೆ. 2006ರಲ್ಲಿ ಅದೇ ಸುಲ್ತಾನ್ ತಂಡ ಇನ್ನೊಂದು ಅಧ್ಯಯನ ಪ್ರಕಟಿಸಿತು. ಈ ಸಲ ಹೆತ್ತವರನ್ನು ಹೆರಿಗೆ ಮಾಡಿಸಿದವರು ನೋಡಿ ಮುಗಿಸಿದ ಮೇಲೆ, ಪಳಗಿದ ಇನ್ನೊಬ್ಬ ಡಾಕ್ಟರಿಂದ ಅದೇ ಹೆಂಗಸರನ್ನು ಮತ್ತೆ ಪರೀಕ್ಷೆ ಮಾಡಿಸಿತು. ಮೊದಲು ಸ್ನಾಯುವಿನ ಗಾಯ ಸಿಕ್ಕಿದ್ದು ಶೇ. 11 ಜನರಲ್ಲಿ, ಮತ್ತೆ ನೋಡಿದಾಗ ಶೇ. 24.5 ಜನರಲ್ಲಿ. ಅಂದರೆ ಬಹುಪಾಲು ಗಾಯಗಳು ಕಣ್ಣಿಗೆ ಕಾಣದಂಥವು ಆಗಿರಲಿಲ್ಲ, ಸರಿಯಾಗಿ ನೋಡಿರಲಿಲ್ಲ ಅಷ್ಟೇ! ದೊಡ್ಡ ಮೆಷಿನ್ ಏನೂ ಬೇಡ, ಹೊಲಿಗೆ ಹಾಕುವ ಮುಂಚೆ ಬೆರಳಿಟ್ಟು ನೋಡಬೇಕು, ಏನನ್ನು ಹುಡುಕುತ್ತಿದ್ದೇವೆ ಅಂತ ಗೊತ್ತಿರಬೇಕು. ತಮ್ಮದೇ ಮೊದಲ ಮಾತನ್ನು ಹೀಗೆ ತಾವೇ ತಿದ್ದಿಕೊಳ್ಳುವ ಸಂಶೋಧಕರು ಕಡಿಮೆ, ಅಲ್ವಾ?

ನಮ್ಮ ಕಡೆಗೆ ಬರೋಣ. ಕೆ.ಆರ್. ಪೇಟೆ ಕಡೆಯ ಒಬ್ಬರು ಸೊಂಟ ನೋವು ಅಂತ ಬರುತ್ತಿದ್ದರು. ಮಾತಾಡ್ತಾ ಮಾತಾಡ್ತಾ ಗೊತ್ತಾಯಿತು, ಬಸ್ ಹತ್ತುವ ದಿನ ಅವರು ಬೆಳಿಗ್ಗೆಯಿಂದ ಒಂದು ತುತ್ತೂ ತಿನ್ನುವುದಿಲ್ಲ, ಮದುವೆಗೆ ಹೋದರೆ ಮೊದಲು ಕಕ್ಕಸು ಎಲ್ಲಿದೆ ಅಂತ ನೋಡಿಕೊಳ್ಳುತ್ತಾರೆ, ಊಟದ ಪಂಕ್ತಿಗೆ ಕೂರದೆ ಏನೋ ಒಂದು ನೆಪ ಹೇಳಿ ಹೊರಟುಬಿಡುತ್ತಾರೆ. ಅವಸರ ಬಂದರೆ ತಡೆಯಲು ಆಗುವುದಿಲ್ಲ. ಮೊದಲ ಹೆರಿಗೆಯಿಂದ ಹೀಗೆ. ಜೊತೆಗೆ ಬಂದಿದ್ದ ಅತ್ತೆ, "ಮಕ್ಕಳಾದ್ಮೇಲೆ ಇವೆಲ್ಲ ಇದ್ದದ್ದೇ ಕಣವ್ವ" ಅಂದರು. ಆ ಅತ್ತೆಗೂ ಇದೇ ತೊಂದರೆ ಇತ್ತು ಅಂತ ಆಮೇಲೆ ತಿಳಿಯಿತು.

ಇದ್ದದ್ದೇ ಅಂತ ಬಿಡುವಂಥದ್ದಲ್ಲ ಇದು. ಗ್ಯಾಸ್ ತಡೆದ ಹಾಗೆ ಒಳಕ್ಕೆ ಬಿಗಿಹಿಡಿದು, ನಿಧಾನ ಬಿಡುವ ವ್ಯಾಯಾಮದಿಂದ ತುಂಬ ಜನಕ್ಕೆ ಉಪಯೋಗ ಆಗುತ್ತದೆ. ಕೆಗೆಲ್ ಅನ್ನುವ ಅಮೆರಿಕದ ಡಾಕ್ಟರು 1948ರಲ್ಲೇ ಇಂಥ ವ್ಯಾಯಾಮದ ಬಗ್ಗೆ ಬರೆದರು. ಆದರೆ ಯೂಟ್ಯೂಬ್ ನೋಡಿ ಸುಮ್ನೆ ಶುರುಮಾಡಬೇಡಿ. ಕೆಲವರಿಗೆ ತೊಂದರೆ ಇದಕ್ಕೆ ಪೂರ್ತಿ ಉಲ್ಟಾ. ಎರಡಕ್ಕೆ ಕೂತು ಮುಕ್ಕುವಾಗ ಸಡಿಲ ಆಗಬೇಕಾದ ಸ್ನಾಯು ಬಿಗಿಯಾಗುತ್ತದೆ, ವರ್ಷಗಟ್ಟಲೆ ಇಸಬ್‌ಗೋಲ್ ತಿಂದರೂ ಮಲಬದ್ಧತೆ ಹೋಗುವುದಿಲ್ಲ. ಅಂಥವರು ಕಲಿಯಬೇಕಾದದ್ದು ಬಿಡುವುದನ್ನು. ಸ್ನಾಯು ಜಾಸ್ತಿ ಹರಿದಿದ್ದರೆ ಸರ್ಜನ್‌ಗೇ ತೋರಿಸಬೇಕು.

ನನಗೆ ಸಿಟ್ಟು ಬರುವುದು ಒಂದಕ್ಕೆ. ಆರು ವಾರಕ್ಕೆ ಮಗುವಿಗೆ ಲಸಿಕೆ ಹಾಕಿಸಲು ತಾಯಿ ಹೇಗೂ ಬಂದೇ ಬರುತ್ತಾಳೆ. ಮಗುವಿನ ತೂಕ ನೋಡುತ್ತಾರೆ, ಕಾರ್ಡಲ್ಲಿ ಬರೆಯುತ್ತಾರೆ, ಕಳಿಸುತ್ತಾರೆ. ಗ್ಯಾಸ್ ತಡೆಯಲು ಆಗುತ್ತದಾ, ಎರಡಕ್ಕೆ ಬಂದರೆ ಓಡಬೇಕಾಗುತ್ತದಾ, ಬಟ್ಟೆ ಕೊಳೆಯಾಗುತ್ತದಾ ಅಂತ ಅಲ್ಲೇ ಪಕ್ಕಕ್ಕೆ ಕರೆದು ಕೇಳಬಹುದು, ಎರಡು ನಿಮಿಷದ ಕೆಲಸ. ಅತ್ತೆ, ಗಂಡ ಇಬ್ಬರನ್ನೂ ಸ್ವಲ್ಪ ಹೊರಗೆ ಕೂರಿಸಿ ಕೇಳಬೇಕು ಅಷ್ಟೇ, ಇಲ್ಲದಿದ್ದರೆ ಉತ್ತರ ಬರುವುದಿಲ್ಲ.