ಹಿರಿಯರ ಸಮತೋಲನ ತರಗತಿ: ಹನ್ನೆರಡನೆಯ ವಾರದ ಟಿಪ್ಪಣಿ

ನಮ್ಮ ಬಡಾವಣೆಯ ಹಿರಿಯರು ಬೀಳದಂತೆ ನೋಡಿಕೊಳ್ಳಲು ಆರಂಭಿಸಿದ ವ್ಯಾಯಾಮ ತರಗತಿಗೆ ಈಗ ಹನ್ನೆರಡು ವಾರ. 65 ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ತಿಳಿದೇ ಈ ಕೆಲಸಕ್ಕೆ ಕೈಹಾಕಿದ್ದೆವು. ಆದರೂ ಮೊದಲ ದಿನ ‘ಕಳೆದ ವರ್ಷ ಯಾರಾದರೂ ಬಿದ್ದಿದ್ದೀರಾ?’ ಎಂದು ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಬಿದ್ದದ್ದು ತಿಳಿದರೆ ಒಬ್ಬರನ್ನೇ ಹೊರಗೆ ಬಿಡುವುದಿಲ್ಲವೆಂಬ ಅಳುಕು ಅವರದು. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ‘ಎಲ್ಲಾದರೂ ಕಾಲು ಜಾರಿತ್ತೇ, ಎಡವಿ ಗೋಡೆ ಹಿಡಿದುಕೊಂಡಿದ್ದಿರಾ?’ ಎಂದು ವಿಚಾರಿಸಿದ ಮೇಲೆ ಸಂಗತಿಗಳು ಒಂದೊಂದಾಗಿ ಹೊರಬಂದವು.

ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಎಣಿಸುತ್ತಾರೆ. ನನಗೆ ಮಾತ್ರ ಗಡಿಯಾರಕ್ಕಿಂತ ಹೆಚ್ಚಿನದನ್ನು ತಿಳಿಸಿದ್ದು ತಿರುವು. ನೇರವಾಗಿ ಸರಾಗವಾಗಿ ನಡೆಯುತ್ತಿದ್ದ ಹಿರಿಯರೊಬ್ಬರು ನೆಲದ ಮೇಲಿನ ಪಟ್ಟಿಯ ಬಳಿ ತಿರುಗುವಾಗ ಏಳೆಂಟು ಪುಟ್ಟ ಹೆಜ್ಜೆಗಳನ್ನಿಟ್ಟರು. ಅವರ ಎಡಗೈ ಅಲ್ಲಿಲ್ಲದ ಗೋಡೆಯನ್ನು ತಡಕಾಡುತ್ತಿತ್ತು.

ಮೊದಲ ಮೂರು ವಾರ ಭಯದಿಂದ ಎಲ್ಲರಿಗೂ ಕುಳಿತೇ ವ್ಯಾಯಾಮ ಮಾಡಿಸಿದ್ದು ನಮ್ಮ ತಪ್ಪು. ವ್ಯಾಯಾಮದಿಂದ ಬೀಳುವುದು ಸುಮಾರು 23 ಪ್ರತಿಶತ ತಗ್ಗುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು ಕಂಡುಕೊಂಡಿದೆ ನಿಜ, ಆದರೆ ಅದರ ಪೂರ್ಣ ಫಲ ಸಿಗಬೇಕಾದರೆ ನಿಂತು, ದೇಹ ತುಸು ತೂಗಾಡುವಷ್ಟು ಕಷ್ಟಪಡಬೇಕು. ನಾಲ್ಕನೆಯ ವಾರದಿಂದ ಎಲ್ಲರೂ ಕುರ್ಚಿಯ ಹಿಂದೆ ನಿಂತು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ, 10 ಸೆಕೆಂಡ್ ನಿಲ್ಲುತ್ತಿದ್ದಾರೆ: ಮೊದಲು ಎರಡೂ ಕೈಗಳ ಆಸರೆ, ಬಳಿಕ ಒಂದು ಕೈ, ಬಳಿಕ ಒಂದೇ ಬೆರಳು. ಆ ಕೊನೆಯ ಬೆರಳನ್ನು ಬಿಡಿಸಲು ಕೆಲವರಿಗೆ ತಿಂಗಳೇ ಹಿಡಿಯಿತು.

ವಾರಕ್ಕೆ 3 ಗಂಟೆಯ ಅಭ್ಯಾಸ ನಮ್ಮ ಗುರಿ. ತರಗತಿಯಲ್ಲಿ ಸಿಗುವುದು ಎರಡೇ ಗಂಟೆ. ಉಳಿದದ್ದನ್ನು ಮನೆಯಲ್ಲಿ ಮಾಡಿ ಹಾಳೆಯಲ್ಲಿ ಗುರುತಿಸಬೇಕು, ಆದರೆ ಕೆಲವು ಹಾಳೆಗಳ ಏಳೂ ದಿನದ ಗುರುತುಗಳು ಒಂದೇ ಉಸಿರಿನಲ್ಲಿ ಬಿದ್ದಂತಿವೆ! ಎದ್ದು ನಿಂತೊಡನೆ ತಲೆ ಸುತ್ತುತ್ತದೆಂದವರನ್ನು, ನಿದ್ರೆ ಮಾತ್ರೆ ನುಂಗುವವರನ್ನು ಔಷಧಿಗಳ ಪಟ್ಟಿಯೊಂದಿಗೆ ಅವರವರ ವೈದ್ಯರ ಬಳಿಗೆ ಕಳುಹಿಸಿದ್ದೇವೆ.

ಮುಂದಿನ ವಾರದಿಂದ, ಬಿದ್ದರೆ ನೆಲದಿಂದ ಏಳುವ ಅಭ್ಯಾಸ: ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಕುರ್ಚಿ ಹಿಡಿದು ಮೇಲೇಳುವುದು. ಮಂಡಿನೋವಿನವರಿಗೆ ಯಾವ ಕ್ರಮ ಹೊಂದೀತೆಂದು ಫಿಸಿಯೋಥೆರಪಿಸ್ಟ್ ಒಬ್ಬರು ಬಂದು ತೋರಿಸಲಿದ್ದಾರೆ.