ಚಿತ್ರ 51 ಹೇಳಿದ್ದು, ಹೇಳದೆ ಉಳಿಸಿದ್ದು

25 ಏಪ್ರಿಲ್ 2025, ಶುಕ್ರವಾರ

1953ರಲ್ಲಿ ಇದೇ ದಿನದ ‘ನೇಚರ್’ ಸಂಚಿಕೆಯಲ್ಲಿ ಡಿಎನ್‌ಎ ರಚನೆಯನ್ನು ಕುರಿತ ಮೂರು ಪ್ರಬಂಧಗಳು ಒಂದರ ಹಿಂದೊಂದು ಅಚ್ಚಾದವು. ಇಂದು ಸಂಜೆ ಮೂರನ್ನೂ ಒಟ್ಟಿಗೆ ಓದಿದೆ. ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ರೇಮಂಡ್ ಗಾಸ್ಲಿಂಗ್ ಅವರ ಪ್ರಬಂಧದಲ್ಲಿರುವ, ‘ಚಿತ್ರ 51’ ಎಂದು ಹೆಸರಾದ ಎಕ್ಸ್-ಕಿರಣ ಚಿತ್ರವನ್ನು ಬಹಳ ಹೊತ್ತು ನೋಡುತ್ತ ಕುಳಿತೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 1952ರ ಮೇ ತಿಂಗಳಲ್ಲಿ ತೆಗೆದ ಚಿತ್ರ ಅದು. ಡಿಎನ್‌ಎ ನಾರಿನ ಸುತ್ತಲಿನ ತೇವಾಂಶವನ್ನು ಹತೋಟಿಯಲ್ಲಿಟ್ಟು, ಕಡಿಮೆ ತೇವದಲ್ಲಿ ಕಾಣುವ ಎ ರೂಪ ಬೇರೆ, ನೀರು ಹೀರಿಕೊಂಡಾಗಿನ ಬಿ ರೂಪ ಬೇರೆ ಎಂದು ಫ್ರಾಂಕ್ಲಿನ್ ವಿಂಗಡಿಸಿದ್ದರಿಂದಲೇ ಇಷ್ಟು ಸ್ಪಷ್ಟವಾದ ಚಿತ್ರ ಸಾಧ್ಯವಾಯಿತು. ಕತ್ತರಿಯಂತೆ ಹಾಯ್ದಿರುವ ಕಲೆಗಳ ಸಾಲು ಸುರುಳಿಯ ಗುರುತು. ಅಡ್ಡಸಾಲುಗಳ ಅಂತರವನ್ನು ಅಳೆದರೆ ಸುರುಳಿಯ ಒಂದು ಸುತ್ತಿನ ಉದ್ದ 34 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). ಮೇಲೂ ಕೆಳಗೂ ಇರುವ ದಟ್ಟ ಕಲೆಗಳ ಪ್ರಕಾರ ಮೆಟ್ಟಿಲಿಂದ ಮೆಟ್ಟಿಲಿಗೆ 3.4, ಅಂದರೆ ಸುತ್ತಿಗೆ ಹತ್ತು ಮೆಟ್ಟಿಲು. ನಾಲ್ಕನೆಯ ಅಡ್ಡಸಾಲು ಇರಬೇಕಾದ ಕಡೆ ಏನೂ ಕಾಣುವುದಿಲ್ಲ. ಎರಡು ಎಳೆಗಳು ಸಮದೂರದಲ್ಲಿಲ್ಲದೆ ಹೆಣೆದುಕೊಂಡಿದ್ದರೆ ಹೀಗಾಗುತ್ತದೆ. ಇಲ್ಲದಿರುವ ಗುರುತನ್ನೂ ಸಾಕ್ಷಿಯಾಗಿ ಓದುವ ಈ ವಿವೇಚನೆ ನನಗೆ ಅತ್ಯಂತ ಸುಂದರವಾಗಿ ತೋರುತ್ತದೆ.

ಗುಟ್ಟೆಲ್ಲ ಈ ಒಂದೇ ಚಿತ್ರದಲ್ಲಿತ್ತು ಎಂದು ನಾನು ವರ್ಷಗಟ್ಟಲೆ ನಂಬಿದ್ದೆ, ಅದು ಸರಿಯಲ್ಲ. ಎಳೆಗಳೆರಡೂ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ ಎಂದು, ಕೇಂಬ್ರಿಜ್‌ನಲ್ಲಿ ಜೇಮ್ಸ್ ವಾಟ್ಸನ್ ಜೊತೆಗೂಡಿ ಡಿಎನ್‌ಎ ರಚನೆಯ ಮಾದರಿ ಕಟ್ಟುತ್ತಿದ್ದ ಫ್ರಾನ್ಸಿಸ್ ಕ್ರಿಕ್ ಗ್ರಹಿಸಿದ್ದು ಎ ರೂಪದ ಸ್ಫಟಿಕ ಸಮಮಿತಿಯಿಂದ. ಆ ಅಳತೆಯೂ ಫ್ರಾಂಕ್ಲಿನ್ ಅವರದೇ, ಕ್ರಿಕ್ ಅವರ ಸಹೋದ್ಯೋಗಿ ಮ್ಯಾಕ್ಸ್ ಪೆರುಟ್ಜ್ ಕೊಟ್ಟ ವರದಿಯ ಮೂಲಕ ಕೇಂಬ್ರಿಜ್‌ಗೆ ಬಂದದ್ದು. ಒಳಗಿನ ಜೋಡಿಗಳ, ಅಂದರೆ ಎರಡೆಳೆಗಳ ನಡುವೆ ಮೆಟ್ಟಿಲುಗಳಾಗಿ ಕೂಡುವ ಪ್ರತ್ಯಾಮ್ಲಗಳೆಂಬ ರಾಸಾಯನಿಕ ಘಟಕಗಳ ಬಗೆಗಂತೂ ಚಿತ್ರ ಮೌನವಾಗಿದೆ. ಈ ನಾಲ್ಕು ಘಟಕಗಳಲ್ಲಿ ಅಡಿನಿನ್ ಇದ್ದಷ್ಟೇ ಥೈಮಿನ್, ಗ್ವಾನಿನ್ ಇದ್ದಷ್ಟೇ ಸೈಟೋಸಿನ್ ಎಂಬುದನ್ನು ಜೀವರಸಾಯನ ವಿಜ್ಞಾನಿ ಎರ್ವಿನ್ ಚಾರ್ಗಾಫ್ ಅದಾಗಲೇ ಕಂಡುಕೊಂಡಿದ್ದರೂ, ಪಠ್ಯಪುಸ್ತಕಗಳಲ್ಲಿ ಅಚ್ಚಾಗಿದ್ದ ಆಕಾರಗಳನ್ನೇ ನೆಚ್ಚಿದ್ದ ವಾಟ್ಸನ್ ಅವರ ಜೋಡಣೆ ಕೂಡಿಬರಲಿಲ್ಲ. ಗ್ವಾನಿನ್ ಮತ್ತು ಥೈಮಿನ್‌ಗಳಲ್ಲಿ ಹೈಡ್ರೋಜನ್ ಇರುವ ಜಾಗವನ್ನು ಪುಸ್ತಕಗಳು ತಪ್ಪಾಗಿ ತೋರಿಸಿವೆ ಎಂದು ಅದೇ ಕೋಣೆಯಲ್ಲಿ ಕೆಲಸಮಾಡುತ್ತಿದ್ದ ಜೆರ್ರಿ ಡೊನೊಹ್ಯೂ ತಿಳಿಸಿದ ಮೇಲೆ, 1953ರ ಫೆಬ್ರವರಿ 28ರಂದು, ರಟ್ಟಿನ ತುಂಡುಗಳನ್ನು ಜೋಡಿಸುತ್ತಿದ್ದ ವಾಟ್ಸನ್ ಅವರಿಗೆ ಅಡಿನಿನ್-ಥೈಮಿನ್, ಗ್ವಾನಿನ್-ಸೈಟೋಸಿನ್ ಎಂಬ ಎರಡು ಜೋಡಿಗಳೂ ಒಂದೇ ಅಗಲ ಎಂಬುದು ಹೊಳೆಯಿತು. ಡೊನೊಹ್ಯೂ ಹೆಸರನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ವಾಟ್ಸನ್ ಈ ಚಿತ್ರವನ್ನು ಕಂಡದ್ದು ಅದೇ ವರ್ಷದ ಜನವರಿಯಲ್ಲಿ, ಕಿಂಗ್ಸ್ ಕಾಲೇಜಿನ ಮಾರಿಸ್ ವಿಲ್ಕಿನ್ಸ್ ತೋರಿಸಿದಾಗ. ಅದು ಫ್ರಾಂಕ್ಲಿನ್ ಅವರಿಗೆ ತಿಳಿದಿರಲಿಲ್ಲ. ಕಿಂಗ್ಸ್ ಕಾಲೇಜಿನ ಅಪ್ರಕಟಿತ ಫಲಿತಾಂಶಗಳ ಸ್ಥೂಲ ಪರಿಚಯ ತಮಗೆ ಪ್ರೇರಣೆಯಾಯಿತೆಂದು ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಬಂಧದ ಕೊನೆಯಲ್ಲಿ ಒಂದು ವಾಕ್ಯವಿದೆ. ಆ ವಾಕ್ಯ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಳೆದವರ ಪ್ರಬಂಧವನ್ನು ಮೂರನೆಯದಾಗಿ ಅಚ್ಚುಮಾಡಿದ್ದರಿಂದ, ಮಾದರಿಗೆ ಆಧಾರವಾಗಿದ್ದ ಅಳತೆಗಳು ಓದುಗರಿಗೆ ಅದರ ಸಮರ್ಥನೆಯಂತೆ ಮಾತ್ರ ಕಂಡವು.